ಬೇವಿನ ಕಟ್ಟೆಯ ಹಲಗೆ

ಮಗಳು ಕಸ್ತೂರಿ ಬಸುರಿ ಎಂದು ಗೊತ್ತಾದ ದಿನ ಮನೆಯವರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಂಡರು. ನಾನು ಮಾತ್ರ ಓಣಿಯ ಬಾಯಿಗೆ ಹೋಗಿ ಹಲಗೆ ನೋಡುತ್ತ ನಿಂತೆ. ನಾನು ಹುಟ್ಟಾ ಅಂಜುಬುರುಕಿ. ಮಗಳನ್ನು ಬೇರೆ ಓಣಿಗೆ ಕೊಟ್ಟರೆ ಹಲಗೆಯ ಕಾಟ ತಪ್ಪದೆಂದು ಹೆದರಿ ನಮ್ಮ ಓಣಿಯಲ್ಲೇ, ಮೂರನೆಯ ಮನೆಯ ಅಂದಾನಪ್ಪನಿಗೆ ಕೊಟ್ಟವಳು. ಆದರೂ ಕಾಟ ಹುಡುಕಿಕೊಂಡು ಬಂತು. ನಮ್ಮ ಓಣಿಯ ಸೂಲಗಿತ್ತಿ, ನನ್ನ ಅತ್ತೆ ಪಾರವ್ವ, ಹೋದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಆಕೆಯ ನಂತರ ನಮ್ಮಲ್ಲಿ ಹುಟ್ಟಲಿರುವ ಮೊದಲ ಕೂಸು ಕಸ್ತೂರಿಯದು. ಇನ್ನು ಸೂಲಗಿತ್ತಿಯನ್ನು ಹೊರಗಿನಿಂದ ತರಿಸಬೇಕು.

ನಮ್ಮ ಊರಿನಲ್ಲಿ ಪ್ರತಿ ಓಣಿಯ ಅಗಸೆ ಬಾಗಿಲಿಗೂ ಒಂದು ಹಲಗೆ, ಹಲಗೆಯ ಮೇಲೆ ಆ ಓಣಿಯ ಕೋಡು, ಅಂದರೆ ಓಣಿ ನಡೆಯಬೇಕಾದ ಲೆಕ್ಕದ ಬರಹ. ಯಾವ ಓಣಿಯಿಂದ ಏನನ್ನು ತರಿಸುತ್ತೇವೆ, ಅದು ಯಾವ ನಮೂನೆಯದು ಎಂಬುದು ಮೇಲಿನ ಸಾಲುಗಳಲ್ಲಿ ಇರಬೇಕು. ಕೆಳಗೆ ನಮ್ಮಲ್ಲಿ ಇರುವುದು. ಅದರಲ್ಲಿ ಬೇರೆಯವರು ಒಯ್ಯಬಹುದಾದದ್ದರ ಮುಂದೆ ‘ಹೊರಗೆ’ ಎಂಬ ಗುರುತು. ಹಳೆಯ ಕಾಲದವರು ಓಣಿಗೆ ಮಾಡ್ಯೂಲ್ ಎಂದೂ ತರಿಸುವುದಕ್ಕೆ ಇಂಪೋರ್ಟ್ ಎಂದೂ ಹೇಳುತ್ತಿದ್ದರಂತೆ. ನಮಗೆ ಅಷ್ಟೆಲ್ಲ ನಾಲಿಗೆ ತಿರುಗುವುದಿಲ್ಲ. ಬರೆಯದೆ ತಂದ ಉಪ್ಪಿಗೆ ರುಚಿ ಇರುವುದಿಲ್ಲ, ಬರೆಯದೆ ತಂದ ಚಾಕು ಈರುಳ್ಳಿಯನ್ನೂ ಕೊಯ್ಯುವುದಿಲ್ಲ. ಬರೆಯದ ಮನುಷ್ಯನನ್ನು ಅಗಸೆ ಒಳಗೇ ಬಿಡುವುದಿಲ್ಲ. ಬರೆದು ತರಿಸಿದವನೂ ಅಷ್ಟೇ, ಬರೆದಷ್ಟನ್ನೇ ಮಾಡಬಲ್ಲ. ಬಳೆಗಾರ ಬಂದರೆ ಬಳೆ ಇಡಿಸಲು ಮಾತ್ರ ಅವನ ಕೈ ಏಳುತ್ತದೆ. ನಾವು ಕೊಟ್ಟ ಚಹಾ ಅವನ ಎದುರಿಗೇ ಆರಿ ತಣ್ಣಗಾಗುತ್ತದೆ, ಪಾಪ, ಅವನು ಅದನ್ನು ನೋಡುತ್ತ ಕೂತಿರುತ್ತಾನೆ.

ಸೂರ್ಯ ಹುಟ್ಟುವ ಮುಂಚೆ ಕಂಪೈಲರು ಎಲ್ಲ ಹಲಗೆಗಳನ್ನೂ ಓದುತ್ತದೆ. ಅದನ್ನು ಕಂಡವರಿಲ್ಲ. ಹೆದರಿಕೆಗೂ ಸಲಿಗೆಗೂ ಸೇರಿಸಿ ನಾವು ಅದನ್ನು ಕಂಪೈಲಪ್ಪ ಎನ್ನುತ್ತೇವೆ. ಎಲ್ಲ ಸರಿ ಇದ್ದರೆ ಅಗಸೆ ತೆರೆಯುತ್ತದೆ, ನಳಕ್ಕೆ ನೀರು ಬರುತ್ತದೆ, ಒಲೆ ಹೊತ್ತುತ್ತದೆ. ತಪ್ಪಿದ್ದರೆ ಹಲಗೆಯ ತಳದಲ್ಲಿ ಕೆಂಪು ಅಕ್ಷರ ಮೂಡುತ್ತದೆ, ಓಣಿ ಮುಚ್ಚಿಕೊಂಡೇ ಇರುತ್ತದೆ. ತಪ್ಪನ್ನು ಅಳಿಸಿ ಹಳೆಯದನ್ನೇ ಬರೆದರೆ ಮಧ್ಯಾಹ್ನದ ಹೊತ್ತಿಗೆ ಹೇಗೋ ತೆರೆದೀತು. ಹೊಸದೇನಾದರೂ ನಡೆಯಬೇಕೆಂದರೆ ಮರುದಿನದ ಬೆಳಗನ್ನೇ ಕಾಯಬೇಕು. ಗಂಡ ಹೋದ ಮೇಲೆ ನಮ್ಮ ನೂಲಿನ ಓಣಿಯ ಹಲಗೆ ಬರೆಯುವ ಕೆಲಸ ನನ್ನ ಕೈಗೆ ಬಂದಿತ್ತು. ಅಂದಿನಿಂದ ನಾನು ಕಣ್ಣು ತುಂಬ ನಿದ್ದೆ ಮಾಡಿದವಳಲ್ಲ.

ತೊಟ್ಟಿಲ ಓಣಿ ನಮ್ಮ ಎದುರಿಗೇ ಇದೆ. ಎರಡು ಅಗಸೆಗಳ ನಡುವೆ ಒಂದು ಬೇವಿನ ಮರ, ಅದಕ್ಕೊಂದು ಕಲ್ಲಿನ ಕಟ್ಟೆ, ಪಕ್ಕದಲ್ಲಿ ಬಾವಿ. ತೊಟ್ಟಿಲ ಓಣಿಯಲ್ಲಿ ಫಕೀರವ್ವ ಎಂಬ ಸೂಲಗಿತ್ತಿ ಇದ್ದಾಳೆ. ಆಕೆಯ ಕೈ ತಾಗಿದ ಕೂಸಿಗೆ ಸೀನು ಕೂಡ ಬರುವುದಿಲ್ಲ ಎನ್ನುತ್ತಾರೆ. ಆಕೆಯ ಹೆಸರಿನ ಮುಂದೆ ‘ಹೊರಗೆ’ ಎಂಬ ಗುರುತು ಇದ್ದದ್ದನ್ನು ಕಂಡು ನನಗೆ ಅರ್ಧ ಜೀವ ಬಂತು. ಕಸ್ತೂರಿಗೆ ದಿನ ತುಂಬುತ್ತ ಬಂದಾಗ ನಮ್ಮ ಹಲಗೆಯ ಮೇಲಿನ ಸಾಲಿನಲ್ಲಿ ಬರೆದೆ: ತೊಟ್ಟಿಲ ಓಣಿಯಿಂದ, ಫಕೀರವ್ವ, ನಮೂನೆ ಸೂಲಗಿತ್ತಿ.

ಮರುದಿನ ನಮ್ಮ ಅಗಸೆ ತೆರೆಯಲಿಲ್ಲ. ಎದುರಿನದೂ ತೆರೆಯಲಿಲ್ಲ. ನಮ್ಮ ಹಲಗೆಯ ತಳದಲ್ಲಿ ಕೆಂಪಗೆ ಮೂಡಿತ್ತು: ನೂಲಿನ ಓಣಿ ತೊಟ್ಟಿಲ ಓಣಿಗಾಗಿ ಕಾಯುತ್ತಿದೆ, ತೊಟ್ಟಿಲ ಓಣಿ ನೂಲಿನ ಓಣಿಗಾಗಿ ಕಾಯುತ್ತಿದೆ. ಎರಡೂ ಕಡೆಯ ಜನ ಕೊಡ ಹಿಡಿದು ಅಗಸೆಯ ಸಂದಿಯಿಂದ ಒಬ್ಬರಿಗೊಬ್ಬರು ಬೈಯತೊಡಗಿದರು. ನಾನು ಸಾಲನ್ನು ಒರೆಸಿದೆ. ಮಧ್ಯಾಹ್ನ ಬಾಗಿಲು ತೆರೆದ ಕೂಡಲೇ ತೊಟ್ಟಿಲ ಓಣಿಯ ಹಲಗೆ ಬರೆಯುವ ಗದಿಗೆಪ್ಪ ಕಟ್ಟೆಗೆ ಬಂದು ಕುಳಿತಿದ್ದ. ಕಟ್ಟೆಗೆ ಹಲಗೆ ಇರಲಿಲ್ಲವಾದ್ದರಿಂದ ಅಲ್ಲಿ ಯಾರು ಬೇಕಾದರೂ ಕೂಡಬಹುದಿತ್ತು.

“ಶಂಕ್ರವ್ವಾ, ಏನ ಮಾಡಿದಿ? ನಮ್ಮ ಓಣ್ಯಾಗ ಹಸಗೂಸಿಗೆ ಬಿಸಿನೀರಿಲ್ಲ, ಬಾಣಂತಿಗೆ ಗಂಜಿ ಇಲ್ಲ!”

“ನನ್ನ ಮಗಳಿಗೆ ಸೂಲಗಿತ್ತಿ ಬೇಕಣ್ಣಾ. ಬ್ಯಾರೆ ಏನ ಬರದೆ ನಾ?”

“ಫಕೀರವ್ವಗ ಹೊಕ್ಕಳ ಕಟ್ಟಾಕ ನೂಲು ಬೇಕು. ನಮ್ಮ ತೊಟ್ಟಿಲಿಗೆ ಹಗ್ಗಾ ಹೊಸ್ಯಾಕ ನೂಲು ಬೇಕು. ಆ ನೂಲು ನಿಮ್ಮ ಓಣ್ಯಾಗಿಂದ ಬರ್ತೈತಿ, ನಮ್ಮಜ್ಜನ ಕಾಲದಿಂದ. ಈಗ ನೀನೂ ನಮ್ಮ ಕಡೆಯಿಂದ ತರಸ್ತೀನಿ ಅಂದ್ರ ಯಾರ ಬಾಗಲಾ ಮೊದಲ ತೆಗೀಬೇಕು? ಹುಚ್ಚು ಬಿಡದ ಮದುವಿ ಆಗಂಗಿಲ್ಲ, ಮದುವಿ ಆಗದ ಹುಚ್ಚು ಬಿಡಂಗಿಲ್ಲ. ಹಂಗಾತಿದು.”

ಆ ನೂಲನ್ನು ತೆಗೆಯುವವಳು ನಾನೇ. ನಮ್ಮ ಓಣಿಯವರೆಲ್ಲ ನೇಯುತ್ತಾರೆ, ಆದರೆ ತೊಟ್ಟಿಲ ನೂಲಿನ ಹದ ಪಾರವ್ವತ್ತೆ ನನಗೊಬ್ಬಳಿಗೇ ಕಲಿಸಿ ಹೋಗಿದ್ದಳು. ಗಟ್ಟಿ ಇರಬೇಕು, ಕೂಸಿನ ಚರ್ಮಕ್ಕೆ ಒತ್ತಬಾರದು. ನೂಲಿನ ಸಾಲನ್ನು ತೆಗೆದುಹಾಕು ಎಂದು ಗದಿಗೆಪ್ಪನಿಗೆ ಹೇಳುವಂತೆಯೂ ಇರಲಿಲ್ಲ. ತೆಗೆದರೆ ಆ ಓಣಿಯಲ್ಲಿ ತೂಗುತ್ತಿರುವ ತೊಟ್ಟಿಲುಗಳೆಲ್ಲ ಕೂಸಿನ ಸಮೇತ ನೆಲಕ್ಕೆ.

“ಹಂಗಾರ ಕಸ್ತೂರೀನ ನಮ್ಮ ಓಣಿಗೆ ಕಳಸು,” ಎಂದ ಗದಿಗೆಪ್ಪ. “ನಿಮ್ಮ ಕಡೆಯಿಂದ ನಾವು ಹೆಂಗೂ ತರಸ್ತೀವಿ. ನೂಲಿನ ಜೋಡಿ ಬಸರ್ಯಾಕಿನ್ನೂ ತರಸ್ತೀನಿ. ಅದಕ್ಕ ಕಂಪೈಲಪ್ಪ ಏನೂ ಅನ್ನಂಗಿಲ್ಲ.”

ನನ್ನ ಮುಖ ಅರಳಿರಬೇಕು. ಅವನು ತಲೆ ತಗ್ಗಿಸಿ ಮುಂದಿನದನ್ನು ಹೇಳಿದ. “ಆದ್ರ ಕೂಸು ನಮ್ಮ ಓಣ್ಯಾಗ ಹುಟ್ಟಿದ್ದಾಗ್ತೈತಿ, ನೋಡು.”

ಅಷ್ಟು ಸಾಕಾಗಿತ್ತು. ಎಲ್ಲಿ ಹುಟ್ಟಿದರೆ ಅಲ್ಲಿಯದು. ಕೂಸನ್ನು ಮನೆಗೆ ತರಬೇಕೆಂದರೆ ತೊಟ್ಟಿಲ ಓಣಿಯಿಂದ ತರಿಸಬೇಕು, ಮತ್ತೆ ಅದೇ ಕೆಂಪು ಅಕ್ಷರ. ಕಸ್ತೂರಿ ಮರಳಿ ಬಂದಾಳು, ಕೂಸು ಅಗಸೆಯ ಆಚೆಗೇ ಉಳಿದೀತು. ಮನೆಗೆ ಬಂದು ಹೇಳಿದೆ. ಕಸ್ತೂರಿ ಅಳಲಿಲ್ಲ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಗೆ ಒರಗಿದಳು. “ಸೂಲಗಿತ್ತಿ ಬರದಿದ್ರೂ ಚಿಂತಿಲ್ಲ ಯವ್ವಾ, ನಾ ಇಲ್ಲೇ ಹಡೀತೀನಿ,” ಎಂದಳು. ಕೂಸು ಅಡ್ಡ ತಿರುಗಿದೆ ಎಂದು ನನಗೆ ಅನುಮಾನವಿತ್ತು. ಪಾರವ್ವತ್ತೆಯ ಕೆಲಸ ನೋಡಿ ನೋಡಿ ಅಷ್ಟು ತಿಳಿದಿತ್ತು, ಅದನ್ನು ತಿರುಗಿಸುವುದು ಮಾತ್ರ ತಿಳಿದಿರಲಿಲ್ಲ.

ಅಳಿಯ ಅಂದಾನಪ್ಪ ಅವಸರದ ಮನುಷ್ಯ, ಅವನ ಹತ್ತಿರ ಎಲ್ಲದಕ್ಕೂ ಒಂದೇ ಮದ್ದು. “ಅತ್ತೀ, ಯಾವ ಓಣಿ ಅಂತ ಬರೀಬ್ಯಾಡ್ರಿ, ಯಾವ ನಮೂನಿ ಅಂತನೂ ಬರೀಬ್ಯಾಡ್ರಿ. ‘ಏನಾದರೂ’ ಅಂತ ಬರದ ಬಿಡ್ರಿ. ಕಂಪೈಲಪ್ಪ ಅದನ್ನ ಕೇಳಂಗೇ ಇಲ್ಲ.”

“ಕೇಳಂಗಿಲ್ಲ, ಖರೇ. ಬರೋದು ಏನು ಅಂತ ನಿನಗ ಗೊತ್ತೈತೇನು?”

ಹೂವಿನ ಓಣಿಯಿಂದ ಬಿಡಿಹೂವು ಎಂದು ಬರೆದು ಮಾಲೆ ಬಂದರೂ ಬಾಗಿಲು ಹಾಕುವ ಕಂಪೈಲಪ್ಪ, ‘ಏನಾದರೂ’ ಎಂದರೆ ತುಟಿಪಿಟಕ್ಕೆನ್ನುವುದಿಲ್ಲ. ಮೇಲಿನ ಓಣಿಯವರು ಒಮ್ಮೆ ಅವಸರಕ್ಕೆ ವೈದ್ಯ ಎಂದು ಬರೆಯುವಲ್ಲಿ ಹಾಗೆ ಬರೆದಿದ್ದರು. ಅಗಸೆ ಸುಸೂತ್ರವಾಗಿ ತೆರೆಯಿತು. ಜ್ವರದ ಹುಡುಗನ ಹಾಸಿಗೆಯ ಹತ್ತಿರ ಬಂದು ನಿಂತದ್ದು ಒಂದು ಎಮ್ಮೆ. ಊರೆಲ್ಲ ನಕ್ಕಿತು, ಆ ಹುಡುಗನ ತಾಯಿ ನಗಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಸಂಜೆ ನಾನು ಹಲಗೆಯ ಮುಂದೆ ನಿಂತು ‘ಏನಾದರೂ’ ಎಂದು ಬರೆದೇಬಿಟ್ಟೆ. ಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದು ಅದನ್ನೇ ಓದಿದೆ. ಆಮೇಲೆ ಸೆರಗಿನಿಂದ ಒರೆಸಿದೆ. ಹಾಗೆ ಒರೆಸುತ್ತ ಹಿಂದಕ್ಕೆ ತಿರುಗಿದಾಗ ಬೇವಿನ ಕಟ್ಟೆ ಕಂಡಿತು. ಖಾಲಿ ಕಟ್ಟೆ, ಹಲಗೆ ಇಲ್ಲದ ಕಟ್ಟೆ.

ಗದಿಗೆಪ್ಪನನ್ನು ಕೂಗಿ ಕರೆದೆ.

“ಅಣ್ಣಾ, ನೂಲು ನಮ್ಮ ಓಣ್ಯಾಗ ಇರದ, ಈ ಕಟ್ಟೀ ಮ್ಯಾಲೆ ಇದ್ರ? ಇದಕ್ಕೊಂದು ಹಲಗಿ ಹಾಕಿ, ಇದನ್ನ ಒಂದು ಓಣಿ ಮಾಡಿದ್ರ? ನೀವೂ ಇಲ್ಲಿಂದ ತರಸ್ರಿ, ನಾವೂ ಇಲ್ಲಿಂದ ತರಸ್ತೀವಿ. ಆಮ್ಯಾಲೆ ನಿಮಗ ನಮ್ಮ ಹಂಗಿಲ್ಲ. ಫಕೀರವ್ವನ್ನ ನಾವು ತರಸಬಹುದು.”

ಗದಿಗೆಪ್ಪ ಕಣ್ಣು ಮುಚ್ಚಿ ಬೆರಳು ಮಡಿಚುತ್ತ ಬಾಗಿಲುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತೆರೆದು ನೋಡಿದ. ಮೊದಲು ಕಟ್ಟೆ, ಆಮೇಲೆ ತೊಟ್ಟಿಲ ಓಣಿ, ಆಮೇಲೆ ನೂಲಿನ ಓಣಿ. ಎಲ್ಲೂ ಗಂಟು ಬೀಳಲಿಲ್ಲ. ಕಣ್ಣು ತೆರೆದವನ ಮುಖದಲ್ಲಿ ಸಂತೋಷವಿರಲಿಲ್ಲ.

“ಆಗ್ತೈತಿ. ಆದ್ರ ನೂಲು ಕಟ್ಟೀಗೆ ಬರಬೇಕಂದ್ರ ನೂಲು ತಗ್ಯಾಕಿನೂ ಬರಬೇಕು, ಶಂಕ್ರವ್ವಾ. ನೀನು ಈ ಕಟ್ಟೀದಾಕಿ ಆಗ್ತೀ. ನಮ್ಮ ಎರಡೂ ಓಣಿಯಿಂದ ಏನೂ ತರಸಾಕ ಬರಂಗಿಲ್ಲ ನಿನಗ. ಒಂದ್ ಹೆಸರು ತರಸಿದ್ರೂ ಮತ್ತ ಗಂಟು ಬೀಳ್ತೈತಿ.”

“ನನ್ನ ಮಗಳನ್ನೂ?”

“ಮಗಳನ್ನೂ.” ಕಟ್ಟೆಯ ಕಲ್ಲನ್ನು ಒಮ್ಮೆ ತಟ್ಟಿ, “ಅವರು ಬೇಕಾದ್ರ ನಿನ್ನ ತರಸಬಹುದು. ನೀ ಕರೀಲಾಕ ಆಗಂಗಿಲ್ಲ, ಕರದ್ರ ಹೋಗಬಹುದು,” ಎಂದ.

ನಾನು ಧೈರ್ಯವಂತೆ ಎಂದು ಯಾರೂ ತಿಳಿಯಬಾರದು. ಮನೆಗೆ ಹೋಗುವಷ್ಟರಲ್ಲಿ ಬೇಡವೇ ಬೇಡ ಎಂದು ನಿರ್ಧರಿಸಿದ್ದೆ. ಒಳಗೆ ಕಸ್ತೂರಿ ಸೊಂಟ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. “ಸಣ್ಣಗ ನೋಯಾಕ ಹತ್ತೇತಿ ಯವ್ವಾ,” ಎಂದಳು. ನಾನು ರಾಟೆ, ಅರಳೆ, ಒಂದು ಚಾಪೆ, ಒಂದು ಪಾತ್ರೆ ತೆಗೆದುಕೊಂಡು ಹೊರಬಿದ್ದೆ. ಓಣಿಯ ಹಲಗೆಯ ಸುಣ್ಣದ ಕಡ್ಡಿಯನ್ನು ಅಂದಾನಪ್ಪನ ಕೈಗೆ ಕೊಟ್ಟೆ. ಊರಲ್ಲಿ ಯಾರ ಕೈಗೆ ಅದು ಹೋಗಬಾರದೆಂದು ಇದ್ದೆನೋ ಅವನ ಕೈಗೇ! “ನಾ ಹೇಳಿದ್ದಷ್ಟ ಬರಿ. ‘ಏನಾದರೂ’ ಅಂತ ಎಲ್ಲ್ಯಾದ್ರೂ ಬರದೀ, ಕಟ್ಟೀ ಮ್ಯಾಲಿಂದ ಕಲ್ಲು ಒಗೀತೀನಿ,” ಎಂದೆ. ಅವನು ಮೊದಲ ಸಲ ನನಗೆ ಎದುರಾಡದೆ ತಲೆಯಾಡಿಸಿದ.

ಗದಿಗೆಪ್ಪ ತಂದುಕೊಟ್ಟ ಹಲಗೆಯನ್ನು ಬೇವಿನ ಬೊಡ್ಡೆಗೆ ಕಟ್ಟಿದೆವು. ಅಕ್ಕಿ ಓಣಿಯವರಿಗೂ ಅರಳೆ ಓಣಿಯವರಿಗೂ ನನ್ನ ನೂಲಿನ ಹಂಗಿರಲಿಲ್ಲ. ಆದ್ದರಿಂದ ಅಕ್ಕಿ, ಬೇಳೆ, ಅರಳೆ ತರಿಸಲು ಅಡ್ಡಿಯಿರಲಿಲ್ಲ. ಅದನ್ನು ಬರೆದು ಕೆಳಗೆ ತೊಟ್ಟಿಲ ನೂಲು, ಹೊರಗೆ, ಎಂದು ಬರೆದೆ. ಕತ್ತಲಾಗುತ್ತಿತ್ತು. ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿದೆ, ಎಲ್ಲ ಸರಿ ಇತ್ತು.

ಬೆಳಗಾಯಿತು. ಬೇವಿನ ಮರದಲ್ಲಿ ಗಾಳಿ ಬೀಸಿತು, ಕೆಂಪು ಅಕ್ಷರ ಮೂಡಲಿಲ್ಲ. ತೊಟ್ಟಿಲ ಓಣಿ ತೆರೆಯಿತು. ಆಮೇಲೆ ನಮ್ಮ ಓಣಿ ತೆರೆಯಿತು. ಇನ್ನು ಅದು ನಮ್ಮದಲ್ಲ, ನೂಲಿನ ಓಣಿ ಎನ್ನಬೇಕು. ಫಕೀರವ್ವ ಗಂಟು ಹಿಡಿದು ಬಂದು ನನ್ನಿಂದ ನೂಲಿನ ಉಂಡೆ ಇಸಿದುಕೊಂಡಳು. “ಅಂಜಬ್ಯಾಡ ತಂಗಿ,” ಎಂದಳು. ಅಂಜಬೇಡ ಎಂದು ನನಗೆ ಹೇಳಿದವರ ಸಾಲಿನಲ್ಲಿ ಆಕೆಯೂ ನಿಂತಳು. ಆಕೆ ಅಗಸೆ ದಾಟಿ ಒಳಗೆ ಹೋದಳು.

ನಾನೂ ಎದ್ದು ಹಿಂದೆಯೇ ಹೋದೆ. ಅಗಸೆ ನನ್ನನ್ನು ಬಿಡಲಿಲ್ಲ. ಆಗ ತಿಳಿಯಿತು. ನೂಲಿನ ಮುಂದೆ ‘ಹೊರಗೆ’ ಎಂದು ಬರೆದವಳು ನನ್ನ ಹೆಸರನ್ನು ಹಲಗೆಯ ಮೇಲೆ ಬರೆದೇ ಇರಲಿಲ್ಲ! ಓಣಿಯವರು ನನ್ನನ್ನು ತರಿಸಬೇಕೆಂದರೂ ತರಿಸಲು ಏನೂ ಇರಲಿಲ್ಲ. ಇಡೀ ದಿನ ಅಗಸೆಯ ಹೊರಗೆ ಕಿವಿಗೊಟ್ಟು ನಿಂತೆ. ನಮ್ಮ ಮನೆ ಓಣಿಯ ಕೊನೆಯಲ್ಲಿದೆ, ಅಲ್ಲಿಂದ ಮಗಳ ಕೂಗು ಕೇಳುವುದಿಲ್ಲ. ಕೇಳಿಸದಿದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಫಕೀರವ್ವ ಅಡ್ಡ ತಿರುಗಿದ್ದನ್ನು ತಿರುಗಿಸಿದಳೋ ಇಲ್ಲವೋ, ನೂಲು ಸಾಲಿತೋ ಇಲ್ಲವೋ, ನೀರು ಕಾಯಿಸಿದವರು ಯಾರೋ. ಸಂಜೆಯ ಹೊತ್ತಿಗೆ ಅಂದಾನಪ್ಪ ಓಡೋಡಿ ಅಗಸೆಗೆ ಬಂದ. ಅವನ ಕೆನ್ನೆ ಒದ್ದೆಯಾಗಿತ್ತು.

“ಹೆಣ್ಣ ಕೂಸು, ಅತ್ತೀ! ಇಬ್ಬರೂ ಆರಾಮ ಅದಾರ.”

“ಹಂಗಾರ ಅಳ್ತೀ ಯಾಕ, ಮೂಳಾ!” ಎಂದು ಬೈದೆ. ಆಮೇಲೆ ನಾನೂ ಅತ್ತೆ.

ಮರುದಿನ ನೂಲಿನ ಓಣಿ ತೆರೆಯಲಿಲ್ಲ. ಕಸ್ತೂರಿ ಹಟ ಹಿಡಿದು ಗಂಡನಿಂದ ಹಲಗೆಯ ಮೇಲೆ ಬರೆಸಿದ್ದಳು: ಕಟ್ಟೆಯಿಂದ, ಅವ್ವ. ಕೆಂಪು ಅಕ್ಷರ ಹೇಳಿತು: ಕಟ್ಟೆಯಲ್ಲಿ ಅವ್ವ ಎಂಬುದು ಇಲ್ಲ. ಒಂದು ದಿನದ ಕೂಸಿಗೆ ಎರೆಯಲು ನೀರಿಲ್ಲದೆ ಮಧ್ಯಾಹ್ನದವರೆಗೆ ಕಾದರು. ನಾನು ಕಟ್ಟೆಯ ಮೇಲೆ ತಲೆ ಚಚ್ಚಿಕೊಂಡೆ. ಬರೀ ಶಂಕ್ರವ್ವ ಎಂದರೆ ಸಾಲದು, ಯಾವ ನಮೂನೆಯವಳು ಎಂಬುದೂ ಬೇಕು. ಆ ಸಂಜೆ ನನ್ನ ಹಲಗೆಯ ಮೇಲೆ ಬರೆದೆ: ಅವ್ವ, ಕಸ್ತೂರಿಯನ್ನು ಹೆತ್ತವಳು, ಹೊರಗೆ. ಬೆಳಿಗ್ಗೆ ಕೆಂಪಗೆ ಮೂಡಿತು: ಕಸ್ತೂರಿ ಎಲ್ಲಿಂದ? ಕಸ್ತೂರಿ ಇರುವುದು ನೂಲಿನ ಓಣಿಯಲ್ಲಿ, ಅಲ್ಲಿಂದ ನಾನು ಒಂದು ಹೆಸರನ್ನೂ ತರಿಸುವಂತಿಲ್ಲ. ನನ್ನ ಕಟ್ಟೆ ಮುಚ್ಚಿದ್ದರಿಂದ ಎರಡೂ ಓಣಿಗಳು ಮುಚ್ಚಿದವು. ಜನರಿಂದ ಬೈಸಿಕೊಂಡು ಅಳಿಸಿದೆ. ಮರುದಿನಕ್ಕೆ ಅವ್ವನ ಹೆಸರನ್ನು ಬಿಟ್ಟು ಬರೆದೆ: ಅಜ್ಜಿ, ಮೊಮ್ಮಗಳು ಇರುವವಳು. ಮೊಮ್ಮಗಳು ಎಲ್ಲಿಂದ, ಎಂದು ಕೇಳಿತು ಕೆಂಪು ಅಕ್ಷರ. ಅದಕ್ಕೆ ಎದೆ ಎಂಬುದೇ ಇಲ್ಲ, ಇದ್ದಿದ್ದರೆ ಒಡೆಯುವಂತೆ ಬೈದೆ.

ಗದಿಗೆಪ್ಪ ಬಂದ. ಎರಡು ಬೆಳಗು ಬಾಗಿಲು ಮುಚ್ಚಿದ ಸಿಟ್ಟು ಅವನಲ್ಲಿ ಇರಬೇಕಿತ್ತು. ಬಂದು ಕಟ್ಟೆಯ ಪಕ್ಕದಲ್ಲಿ ನಿಂತ. ಈಗ ಕಟ್ಟೆಗೆ ಹಲಗೆ ಇತ್ತು, ಅವನು ಮೇಲೆ ಹತ್ತಿ ಕೂಡುವಂತಿರಲಿಲ್ಲ.

“ಅಜ್ಜಿ ಅಂದ್ರ ಯಾರು, ಶಂಕ್ರವ್ವಾ?”

“ಮೊಮ್ಮಗಳು ಇರಾಕಿ.”

“ಮೊಮ್ಮಗಳ ಹೆಸರ ತಗೀಬ್ಯಾಡ. ಮಗಳ ಹೆಸರ ತಗೀಬ್ಯಾಡ. ಯಾರ ಹೆಸರೂ ಇಲ್ಲದ ಹೇಳು. ಅಕಿ ಏನ ಮಾಡ್ತಾಳ?”

ನಾನು ಅರಳೆಯನ್ನು ಹಿಂಜತೊಡಗಿದೆ. ಯಾರ ಹೆಸರೂ ಇಲ್ಲದ ಅಜ್ಜಿ! ನನ್ನದೇ ಕೂಸಿಗೆ ನಾನು ಅಜ್ಜಿಯಾಗಬೇಕು, ಆದರೆ ನನ್ನದು ಎಂದು ಹೇಳುವಂತಿಲ್ಲ. ಇಷ್ಟು ಕೆಟ್ಟ ಲೆಕ್ಕ ಯಾರ ಹಣೆಯಲ್ಲೂ ಬರೆಯಬಾರದು. ಕೊನೆಗೆ ಎದ್ದು ಬರೆದೆ: ಅಜ್ಜಿ, ಅಳುವ ಯಾವ ಕೂಸನ್ನಾದರೂ ಎತ್ತಿಕೊಳ್ಳುವವಳು, ಹೊರಗೆ. ಗದಿಗೆಪ್ಪ ಓದಿ, “ಹಿಂಗ ಬರದ್ರ ನಾವೂ ತರಸ್ತೀವಿ ಮತ್ತ, ನಮ್ಮ ಓಣ್ಯಾಗ ಅಳೂ ಕೂಸು ಭಾಳ ಅದಾವ,” ಎಂದ. ನಗಿಸಲು ಹೇಳಿದನೋ ನಿಜವಾಗಿಯೂ ಹೇಳಿದನೋ ತಿಳಿಯಲಿಲ್ಲ. ಯಾರು ಬೇಕಾದರೂ ತರಿಸಬಹುದಿತ್ತು, ಅಕ್ಕಿ ಓಣಿಯವರನ್ನೂ ಅರಳೆ ಓಣಿಯವರನ್ನೂ ಬಿಟ್ಟು. ಅವರ ಅನ್ನ ಉಣ್ಣುವವಳಿಗೆ, ಅವರ ಅರಳೆ ನೂಲುವವಳಿಗೆ ಅವರ ಅಜ್ಜಿಯಾಗಲು ಬರುವುದಿಲ್ಲ.

ಏನು ಬರೆಯಬೇಕೆಂದು ಅಂದಾನಪ್ಪನಿಗೆ ಅಗಸೆಯ ಸಂದಿಯಿಂದ ಹೇಳಿದೆ. ಬೆಳಗಿನ ಜಾವ ಹಲಗೆಗೆ ಬೆನ್ನು ಮಾಡಿ ಕುಳಿತೆ, ನೋಡುವ ಧೈರ್ಯವಿರಲಿಲ್ಲ. ನೂಲಿನ ಓಣಿಯ ಅಗಸೆ ಕಿರುಗುಟ್ಟುವ ಸದ್ದು ಕೇಳಿ ತಿರುಗಿದೆ. ಅಂದಾನಪ್ಪನ ವಕ್ರ ಅಕ್ಷರಗಳು ಮೇಲಿನ ಸಾಲಿನಲ್ಲಿ ಒಂದೂ ತಪ್ಪಿಲ್ಲದೆ ನಿಂತಿದ್ದವು: ಕಟ್ಟೆಯಿಂದ, ನೂಲು, ಅಜ್ಜಿ. ನಾನು ಓಡಿದೆ. ಅಗಸೆ ನನ್ನನ್ನು ಬಿಟ್ಟಿತು. ನನ್ನ ಮನೆಯ ಹೊಸ್ತಿಲನ್ನು ಹೊರಗಿನವಳಂತೆ ಮೊದಲ ಸಲ ದಾಟಿದೆ.

ಕಸ್ತೂರಿ ಕೋಣೆಯ ಮೂಲೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಪಕ್ಕದ ತೊಟ್ಟಿಲಲ್ಲಿ ಕೂಸು. ಮುಷ್ಟಿ ಬಿಗಿದು, ತುಟಿ ಚೂರು ತೆರೆದು, ನಿದ್ದೆ ಮಾಡುತ್ತಿತ್ತು. ಮೂಗು ಪಾರವ್ವತ್ತೆಯದು. ತೊಟ್ಟಿಲ ಹಗ್ಗ ನನ್ನ ನೂಲಿನದು. ಎತ್ತಿಕೊಳ್ಳಬೇಕೆಂದು ಬಾಗಿದೆ. ಕೈ ಏಳಲಿಲ್ಲ. ಹೆಗಲಿನಿಂದ ಕೆಳಗೆ ನನ್ನವೇ ಅಲ್ಲವೆಂಬಂತೆ ಜೋತುಬಿದ್ದಿದ್ದವು.

“ಯವ್ವಾ, ತಗೋ,” ಎಂದಳು ಕಸ್ತೂರಿ.

“ಬರವಲ್ಲವು,” ಎಂದೆ. “ಕೈ ಬರವಲ್ಲವು, ಕಸ್ತೂರಿ. ಅಳೂ ಕೂಸು ಅಂತ ಬರದೀನಿ. ಇದು ಮಲಗೇತಿ.”

ಅವಳು ನನ್ನನ್ನು ನೋಡಿದಳು, ಕೂಸನ್ನು ನೋಡಿದಳು. ಬಳೆಗಾರನ ಎದುರಿನ ಚಹಾ ಅವಳಿಗೂ ನೆನಪಾಯಿತೇನೋ. ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ ಎಂದು ನಾನು ತೊಟ್ಟಿಲ ಪಕ್ಕದಲ್ಲೇ ಕುಳಿತೆ. ಕೂಸನ್ನು ಚಿವುಟಿ ತೊಟ್ಟಿಲು ತೂಗುವವರು ಎಂದು ಜನ ಕೆಟ್ಟವರನ್ನು ಬೈಯುವುದನ್ನು ಕೇಳಿದ್ದೇನೆ. ಕಸ್ತೂರಿ ಮೊಣಕೈ ಊರಿ ಎದ್ದು, ತೊಟ್ಟಿಲೊಳಗೆ ಕೈ ಹಾಕಿ, ಮಗಳ ಅಂಗಾಲನ್ನು ಎರಡು ಬೆರಳಿನಿಂದ ಮೆಲ್ಲಗೆ ಚಿವುಟಿದಳು.

ಕೂಸು ಅತ್ತಿತು. ನನ್ನ ಕೈಗಳು ಎದ್ದವು.